ತಟ್ಟುಕುದುರೆಯ ಶಿಕ್ಷಣ: ಸವಾರಿಯಾಟಗಳ ಇತಿಹಾಸದಲ್ಲಿ ಒಂದು ವಿಚಾರ

ಅಶ್ವದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ರಣಾಂಗಣದ ಕುದುರೆಯನ್ನೂ ಪಂದ್ಯದ ಕುದುರೆಯನ್ನೂ ಅರಮನೆಯ ಮೆರವಣಿಗೆಯ ಕುದುರೆಯನ್ನೂ ಕುರಿತೇ ಬರೆದಿದ್ದಾರೆ. ಮೂಟೆ ಹೊತ್ತು, ಬಂಡಿ ಎಳೆದು, ಹುಡುಗರನ್ನು ಬೆನ್ನಮೇಲೆ ಕುಳ್ಳಿರಿಸಿಕೊಂಡು ತಿರುಗಿದ ಗಿಡ್ಡ ತಟ್ಟುಕುದುರೆಗೆ ಆ ಗ್ರಂಥಗಳಲ್ಲಿ ದೊರೆತಿರುವ ಸ್ಥಾನ ಅತ್ಯಲ್ಪವಾದುದು. ಇಂಗ್ಲೆಂಡಿನಲ್ಲಿ ಮೌಂಟೆಡ್ ಗೇಮ್ಸ್ ಎಂದು ಪ್ರಸಿದ್ಧವಾಗಿರುವ ಸವಾರಿಯಾಟಗಳು—ನೆಟ್ಟ ಕಂಬಗಳ ನಡುವೆ ಹಾವಿನಂತೆ ಬಳಸಿ ಓಡುವುದು, ನಾಗಾಲೋಟದಲ್ಲಿ ಬಾವುಟವನ್ನು ಕಿತ್ತು ತಂದು ಮತ್ತೊಂದೆಡೆ ನೆಡುವುದು, ನೆಲಕ್ಕೆ ಧುಮುಕಿ ಓಡುತ್ತ ಪುನಃ ಕುದುರೆಯ ಬೆನ್ನಿಗೆ ಹಾರುವುದು ಮುಂತಾದುವು—ಈ ಉಪೇಕ್ಷಿತ ಪ್ರಾಣಿಯನ್ನೇ ಕೇಂದ್ರವಾಗಿ ಉಳ್ಳವು. ಇವುಗಳ ಚರಿತ್ರೆಯನ್ನು ಸಾಮಾನ್ಯವಾಗಿ 1957ನೆಯ ಇಸವಿಯಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಸ್ಪರ್ಧೆಯೊಂದು ಹುಟ್ಟಿತೆಂಬುದು ನಿಜ. ಆದರೆ ಅದು ಅವಲಂಬಿಸಿದ ವಿದ್ಯೆ ಅದಕ್ಕಿಂತ ಬಹಳ ಹಳೆಯದು, ಮತ್ತು ಅದರ ಬಹುಭಾಗ ರೂಪುಗೊಂಡದ್ದು ಹಿಂದೂದೇಶದ ದಂಡಿನ ಮೈದಾನಗಳಲ್ಲಿ. 1957ರಲ್ಲಿ ನಿಜವಾಗಿ ಹೊಸದಾಗಿದ್ದುದು ಒಂದೇ: ಕುದುರೆಯ ಬೆಲೆಗಿಂತ ಅದರ ಶಿಕ್ಷಣಕ್ಕೆ ಹೆಚ್ಚಿನ ಗೆಲವು ದೊರೆಯುವಂತೆ ನಿಯಮಗಳನ್ನು ರಚಿಸಿದುದು. ಈ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವುದು ಇಷ್ಟೆ.

ಕುದುರೆಯ ಮೇಲೆ ಕುಳಿತು ಆಡುವ ಆಟ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಿನೋದಪ್ರಕರಣದಲ್ಲಿ ವಾಜಿವಾಹ್ಯಾಳಿಯ ವರ್ಣನೆಯುಂಟು, ಅರಸನೂ ಅವನ ಸವಾರರೂ ಎರಡು ಪಕ್ಷಗಳಾಗಿ ನಿಂತು ಕೋಲಿನಿಂದ ಚೆಂಡನ್ನು ಹೊಡೆದು ತೋರಣದ ಮೂಲಕ ದಾಟಿಸುವ ಆ ಕ್ರೀಡೆ ಇಂದಿನ ಪೋಲೋ ಆಟವನ್ನು ಹೋಲುತ್ತದೆ. ಹೋಲಿಕೆಯನ್ನು ಕಂಡ ಮಾತ್ರಕ್ಕೆ ವಂಶಾವಳಿಯನ್ನು ಹೊಸೆಯುವ ಚಪಲ ಸಂಶೋಧಕನಿಗೆ ಸಲ್ಲದು. ಸೋಮೇಶ್ವರನ ವಾಹ್ಯಾಳಿಯಿಂದ ದಂಡುಪ್ರದೇಶದ ಜಿಮಖಾನಾಕ್ಕೆ ಅವಿಚ್ಛಿನ್ನವಾದ ಪರಂಪರೆಯನ್ನು ತೋರಿಸುವಂಥ ಆಧಾರ ನಮ್ಮ ಕೈಯಲ್ಲಿಲ್ಲವಾದುದರಿಂದ, ಕುದುರೆಯ ಶಿಕ್ಷಣವು ರಾಜೋಚಿತ ವಿನೋದದ ಅಂಗವಾಗಿ ಇಲ್ಲಿ ಶಾಸ್ತ್ರದ ಮರ್ಯಾದೆಯನ್ನು ಪಡೆದಿತ್ತೆಂದಷ್ಟೇ ಹೇಳಿ ಮುಂದೆ ಸಾಗುವುದು ಯುಕ್ತ.

ಅವಿಚ್ಛಿನ್ನವಾದ ಎಳೆಯೊಂದು ಕಾಣುವುದು ರಿಸಾಲೆಗಳ ಶಸ್ತ್ರಾಭ್ಯಾಸದಲ್ಲಿ. ನೆಲದಲ್ಲಿ ನೆಟ್ಟ ಡೇರೆಯ ಗೂಟವನ್ನು ನಾಗಾಲೋಟದಲ್ಲಿ ಬಂದು ಭರ್ಜಿಯ ತುದಿಯಿಂದ ಎತ್ತಿಕೊಂಡು ಹೋಗುವುದು, ತೂಗುಬಿಟ್ಟ ನಿಂಬೆಯ ಹಣ್ಣನ್ನು ಕತ್ತಿಯಿಂದ ಸೀಳುವುದು—ಇವು ಅಶ್ವದಳದ ಕವಾಯತಿನಿಂದ ಹುಟ್ಟಿ ಆಟಗಳಾಗಿ ಬೆಳೆದುವು. ಇವುಗಳಲ್ಲಿ ಸವಾರನ ಕೈಚಳಕವನ್ನು ಕಂಡು ಜನ ಶಿಳ್ಳೆ ಹಾಕುತ್ತಾರೆ. ಆದರೆ ಕೈಚಳಕದ ಅರ್ಧಭಾಗ ಕುದುರೆಯದು. ಅದು ಗೆರೆ ಎಳೆದಂತೆ ನೇರವಾಗಿ ಓಡಬೇಕು, ಭರ್ಜಿ ಕಣ್ಣ ಪಕ್ಕದಲ್ಲಿ ಇಳಿಯುವಾಗ ಬೆದರಬಾರದು, ಗೂಟಕ್ಕೆ ತಗುಲಿದ ಪೆಟ್ಟಿನಿಂದ ಹೆಜ್ಜೆ ತಪ್ಪಬಾರದು. 1918ನೆಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವಲ್ಲಿ ಜೋಧಪುರದವರೊಡನೆ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ದಳ ಭರ್ಜಿಯ ಸವಾರರ ಈ ಸಂಪ್ರದಾಯಕ್ಕೇ ಸೇರಿದ್ದು. ಗೂಟವೆತ್ತುವ ಆಟ 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾಗಿಯೂ ನಡೆಯಿತು. ಮೈಸೂರಿನ ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತನ್ನು ನೋಡಿದವರಿಗೆ ಅಶ್ವಾರೋಹಿ ಪೊಲೀಸರು ಅದನ್ನು ಆಡಿ ತೋರಿಸುವುದು ಅಪರಿಚಿತವಲ್ಲ.

ಶಸ್ತ್ರಾಭ್ಯಾಸವು ಕೇವಲ ವಿನೋದವಾಗಿ ಮಾರ್ಪಟ್ಟ ಸ್ಥಳ ಜಿಮಖಾನಾ. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್‌ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಇಂಥ ಸಂಸ್ಥೆಯೊಂದು 1861ರಲ್ಲಿ ರೂರ್ಕಿಯಲ್ಲಿ ಸ್ಥಾಪಿತವಾಯಿತೆಂದು ದಾಖಲಿಸುತ್ತದೆ. ಅನಂತರ 1875ರಲ್ಲಿ ಮುಂಬಯಿಯಲ್ಲಿಯೂ 1884ರಲ್ಲಿ ಮದರಾಸಿನಲ್ಲಿಯೂ ಇದೇ ಹೆಸರಿನ ಸಂಘಗಳು ತಲೆಯೆತ್ತಿದುವು. ಅಲ್ಲಿ ಅನೇಕ ಆಟಗಳು ನಡೆಯುತ್ತಿದ್ದರೂ ಕುದುರೆಯ ಮೇಲಿನ ಲಘುಸ್ಪರ್ಧೆಗಳೇ ಕ್ರಮೇಣ ಆ ಹೆಸರನ್ನು ತಮ್ಮದಾಗಿಸಿಕೊಂಡುವು. ಅವುಗಳ ಪಟ್ಟಿಯನ್ನು ಓದಿದರೆ ಇಂದಿಗೂ ನಗು ಬರದೆ ಇರದು. ಸವಾರನು ಓಡಿ ಬಂದು ಕೆಳಗಿಳಿದು, ಚುಟ್ಟವನ್ನು ಹೊತ್ತಿಸಿ, ಕೊಡೆಯನ್ನು ಬಿಚ್ಚಿ ಹಿಡಿದು, ಚುಟ್ಟ ಆರದಂತೆ ಕೊಡೆ ಮಡಿಚದಂತೆ ಮರಳಿ ಓಡಬೇಕಾದ ಪಂದ್ಯವೊಂದು. ಕಾದು ನಿಂತ ಮಹಿಳೆಯ ಬಳಿಗೆ ಸೂಜಿಯನ್ನು ಒಯ್ದು, ಆಕೆ ದಾರ ಪೋಣಿಸಿ ಕೊಟ್ಟ ಬಳಿಕ ಹಿಂದಿರುಗುವ ಪಂದ್ಯ ಇನ್ನೊಂದು. 1856ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಕ್ರಾಸ್ ಪದಕದ ಹೆಸರಿನಲ್ಲಿ, ಗಾಯಾಳುವೆಂದು ಭಾವಿಸಿದ ಬೊಂಬೆಯನ್ನು ಎತ್ತಿ ಜೀನಿನ ಮೇಲೆ ಹಾಕಿಕೊಂಡು ಬರುವ ಪಂದ್ಯ ಮತ್ತೊಂದು. ಹಾಸ್ಯ ಎಷ್ಟೇ ಇರಲಿ, ಈ ಒಂದೊಂದರ ಹಿಂದೆಯೂ ಕುದುರೆಗೆ ಕಠಿನವಾದ ಪರೀಕ್ಷೆಯೊಂದು ಅಡಗಿತ್ತು. ಫಕ್ಕನೆ ಬಿಚ್ಚಿಕೊಳ್ಳುವ ಕೊಡೆಯ ಕೆಳಗೆ ಅಲುಗದೆ ನಿಲ್ಲುವ ಕುದುರೆಯನ್ನು ಯಾರೂ ಸಂತೆಯಿಂದ ಸಿದ್ಧವಾಗಿ ಕೊಂಡು ತರಲಾರರು. ಅದನ್ನು ಮನೆಯಲ್ಲಿಯೇ, ದಿನದಿನವೂ, ತಾಳ್ಮೆಯಿಂದ ಮಾಡಿಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಒಂದು ಕುದುರೆಯನ್ನು ಸಾಕಲೂ ಹಣವಿಲ್ಲದ ತರುಣ ಅಧಿಕಾರಿಗೆ ಇಲ್ಲಿ ದೇಶೀಯ ತಟ್ಟುಕುದುರೆಯೂ ಅದನ್ನು ನೋಡಿಕೊಳ್ಳುವ ಕುದುರೆಯಾಳೂ ಅಗ್ಗವಾಗಿ ದೊರೆಯುತ್ತಿದ್ದುದು, ಸಂಜೆಯ ಹೊತ್ತು ಬಿಡುವಾಗಿರುತ್ತಿದ್ದುದು, ದಂಡಿನ ಮೈದಾನ ಸದಾ ಸಿದ್ಧವಿದ್ದುದು—ಈ ಮೂರೂ ಕೂಡಿ ಆಟಗಳನ್ನು ಬೆಳೆಸಿದುವೆಂದು ತೋರುತ್ತದೆ. ಕುದುರೆಗಳನ್ನು ನಿಜವಾಗಿ ತಿದ್ದಿದ ಆ ಕುದುರೆಯಾಳುಗಳ ಹೆಸರುಗಳು ಮಾತ್ರ ಬಹುಮಾನದ ಪಟ್ಟಿಗಳಿಗೆ ಏರಲಿಲ್ಲ.

ಇದೇ ಕಾಲದಲ್ಲಿ, ಇದೇ ದೇಶದಿಂದ ಹೊರಟ ಪೋಲೋ ಆಟದ ಗತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮಣಿಪುರದ ಜನರು ಹದಿಮೂರು ಹಿಡಿಗಿಂತ, ಎಂದರೆ 52 ಅಂಗುಲಕ್ಕಿಂತ, ಎತ್ತರವಾಗುವುದು ಅಪರೂಪವಾದ ತಮ್ಮ ತಟ್ಟುಗಳ ಮೇಲೆ ಆಡುತ್ತಿದ್ದ ಆಟವನ್ನು ಆಂಗ್ಲರು ಕಲಿತು 1859ರಲ್ಲಿ ಸಿಲ್ಚಾರಿನಲ್ಲಿ ಸಂಘವೊಂದನ್ನು ಕಟ್ಟಿದರು. 1869ರಲ್ಲಿ ಹೌನ್ಸ್‌ಲೊ ಮೈದಾನದಲ್ಲಿ 10ನೆಯ ಹುಸಾರ್ಸ್ ದಳದವರು ಅದನ್ನು ಇಂಗ್ಲೆಂಡಿನಲ್ಲಿ ಆಡಿದರು. ಕುದುರೆಯ ಎತ್ತರಕ್ಕೆ ಮೊದಲು 14 ಹಿಡಿಯ ಮಿತಿಯಿತ್ತು, 1895ರಲ್ಲಿ ಅದನ್ನು ಎರಡಂಗುಲ ಏರಿಸಿದರು, 1919ರಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಅಲ್ಲಿಂದ ಮುಂದೆ ಪೋಲೋ ಕುದುರೆ ತಟ್ಟುವೆಂಬ ಹೆಸರನ್ನಷ್ಟೆ ಉಳಿಸಿಕೊಂಡಿತು, ಆಟ ಧನಿಕರದಾಯಿತು. ಜಿಮಖಾನಾದ ಆಟಗಳು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗಿದುವು. ಹಿಂದಿರುಗಿದ ಅಧಿಕಾರಿಗಳ ಜೊತೆಯಲ್ಲಿ ಸಮುದ್ರವನ್ನು ದಾಟಿದ ಅವು ಹಳ್ಳಿಯ ಜಾತ್ರೆಗಳ ಅಂಚಿನಲ್ಲಿ, ಹುಲ್ಲುಗಾವಲುಗಳಲ್ಲಿ, ಮುಖ್ಯವಾಗಿ ಮಕ್ಕಳ ಪಾಲಿಗೆ ಉಳಿದುವು. 1929ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ದಿ ಹಾರ್ಸ್ ಎಂಬ ಸಂಸ್ಥೆಯ ಕಿರಿಯರ ಶಾಖೆಯಾಗಿ ಪೋನಿ ಕ್ಲಬ್ ಹುಟ್ಟಿದಾಗ ಆ ಮಕ್ಕಳಿಗೆ ಕ್ರಮಬದ್ಧವಾದ ಬೋಧನೆ ದೊರೆಯಲಾರಂಭಿಸಿತು.

ಎರಡನೆಯ ಮಹಾಯುದ್ಧದ ತರುವಾಯ ಕುದುರೆಯ ಪ್ರದರ್ಶನಗಳು ಮತ್ತೆ ಮೊದಲಾದಾಗ ಮಕ್ಕಳ ವಿಭಾಗದಲ್ಲಿಯೂ ಅಂದಚಂದದ, ಉಚ್ಚವಂಶದ, ಬೆಲೆಬಾಳುವ ತಟ್ಟುಗಳೇ ಗೆಲ್ಲತೊಡಗಿದುವು. ಡಾರ್ಟ್‌ಮೂರ್ ಅಥವಾ ವೇಲ್ಸ್ ಸೀಮೆಯ ಒರಟು ರೋಮದ ಅಡ್ಡತಳಿಯ ತಟ್ಟನ್ನು ಏರಿ ಬಂದ ರೈತನ ಮಗಳಿಗೆ ಅಲ್ಲಿ ಸ್ಥಾನವಿರಲಿಲ್ಲ. ಎಡಿನ್‌ಬರೊ ಡ್ಯೂಕ್ ಫಿಲಿಪ್ ರಾಜಕುಮಾರನು ಇಂಥ ಸಾಮಾನ್ಯ ಮಕ್ಕಳೂ ಸಾಮಾನ್ಯ ತಟ್ಟುಗಳೂ ಕೂಡಿ ಆಡಬಹುದಾದ ಸ್ಪರ್ಧೆಯೊಂದನ್ನು ಯೋಜಿಸುವಂತೆ ಕರ್ನಲ್ ಮೈಕ್ ಆನ್‌ಸೆಲ್‌ನನ್ನು ಕೇಳಿಕೊಂಡನು. ಆನ್‌ಸೆಲ್ ಅಶ್ವದಳದ ಅಧಿಕಾರಿಯಾಗಿದ್ದವನು; 1940ರಲ್ಲಿ ಫ್ರಾನ್ಸಿನ ಕಾಳಗದಲ್ಲಿ ದೃಷ್ಟಿಯನ್ನು ಕಳೆದುಕೊಂಡು, ಸೆರೆಯಾಳಾಗಿ, ಮರಳಿ ಬಂದ ಮೇಲೆ ‘ಹಾರ್ಸ್ ಆಫ್ ದಿ ಇಯರ್ ಷೋ’ ಎಂಬ ವಾರ್ಷಿಕ ಪ್ರದರ್ಶನವನ್ನು 1949ರಲ್ಲಿ ಲಂಡನ್ನಿನ ಹ್ಯಾರಿಂಗೇ ಕ್ರೀಡಾಂಗಣದಲ್ಲಿ ಆರಂಭಿಸಿದವರಲ್ಲಿ ಪ್ರಮುಖನು. ತಾನು ಕಾಣಲಾರದ ಆಟಗಳನ್ನು ಆತ ಪ್ರೇಕ್ಷಕರು ಕಣ್ಣು ತೆಗೆಯದಂತೆ ರೂಪಿಸಿದನೆಂಬುದು ಸ್ಮರಣೀಯ. 1957ರಲ್ಲಿ ಅದೇ ಪ್ರದರ್ಶನದಲ್ಲಿ ಪ್ರಿನ್ಸ್ ಫಿಲಿಪ್ ಕಪ್ ಮೊದಲ ಬಾರಿಗೆ ನಡೆಯಿತು. ಅದೇ ವರ್ಷ ನಾರ್ಮನ್ ಥೆಲ್‌ವೆಲ್ ಎಂಬ ವ್ಯಂಗ್ಯಚಿತ್ರಕಾರನ, ಗುಂಡಗಿನ ತಟ್ಟುಗಳೂ ಅವುಗಳ ಮೇಲೆ ಹೆಣಗುವ ಹುಡುಗಿಯರೂ ತುಂಬಿದ ‘ಏಂಜೆಲ್ಸ್ ಆನ್ ಹಾರ್ಸ್‌ಬ್ಯಾಕ್’ ಎಂಬ ಪುಸ್ತಕ ಹೊರಬಂದುದು ಕಾಕತಾಳೀಯವಾಗಿದ್ದರೂ, ಜನಮನದಲ್ಲಿ ತಟ್ಟುಕುದುರೆಗೆ ಅಂದು ದೊರೆತ ಆದರಕ್ಕೆ ಅದೂ ಒಂದು ಸಾಕ್ಷಿಯೇ.

ಈಗ ಶಿಕ್ಷಣದ ವಿಷಯಕ್ಕೆ ಬರೋಣ. ಇತಿಹಾಸದ ನಿಜವಾದ ದಾಖಲೆ ಅಲ್ಲಿಯೇ ಇದೆ. ತಟ್ಟಿಗೆ ಕಲಿಸುವ ಮೊದಲ ಪಾಠ ಓಟವಲ್ಲ, ನಿರ್ಭೀತಿ. ಬಾವುಟವನ್ನು ಮೊದಲು ಸುತ್ತಿ ತೋರಿಸಿ, ಮೂಸಲು ಬಿಟ್ಟು, ಕತ್ತಿಗೂ ಭುಜಕ್ಕೂ ಸವರಿ, ಅನಂತರ ಸ್ವಲ್ಪಸ್ವಲ್ಪವಾಗಿ ಬಿಚ್ಚಿ, ಕೊನೆಗೆ ಗಾಳಿಯಲ್ಲಿ ಪಟಪಟಿಸುವಾಗಲೂ ಅದು ಕಿವಿ ನಿಮಿರಿಸದೆ ಇರುವಂತೆ ಮಾಡಬೇಕು. ಗೋಣಿಚೀಲ, ತಗಡಿನ ಬಕೆಟ್ಟು, ಉರುಳುವ ಚೆಂಡು, ಇವಕ್ಕೂ ಇದೇ ಕ್ರಮ. ಎರಡನೆಯದು, ಸವಾರನು ಇಳಿದು ಓಡುವಾಗ ಅವನ ಭುಜಕ್ಕೆ ಸಮನಾಗಿ, ಎಳೆಸಿಕೊಳ್ಳದೆ, ಓಡಿಬರುವುದು. ಗೋಣಿಚೀಲದೊಳಗೆ ಕಾಲಿಟ್ಟು ಕುಪ್ಪಳಿಸುವ ಹುಡುಗನ ಹಿಂದೆ ತಟ್ಟು ಜಗ್ಗಿ ನಿಂತರೆ ಅದರ ವೇಗವೆಲ್ಲ ವ್ಯರ್ಥ. ಮೂರನೆಯದು ಲಗಾಮಿನ ಸೂಕ್ಷ್ಮ. ಆಟದಲ್ಲಿ ಒಂದು ಕೈ ಯಾವಾಗಲೂ ಬಾವುಟಕ್ಕೋ ಬಟ್ಟಲಿಗೋ ಮೀಸಲಾದುದರಿಂದ, ಲಗಾಮನ್ನು ಒಂದೇ ಕೈಯಲ್ಲಿ ಹಿಡಿದು, ಅದರ ಸ್ಪರ್ಶ ಕತ್ತಿಗೆ ತಗುಲಿದೊಡನೆ ಕುದುರೆ ಎದುರು ದಿಕ್ಕಿಗೆ ತಿರುಗುವಂತೆ ಕಲಿಸಬೇಕು. ಬಲಗೈಯಲ್ಲಿ ಕತ್ತಿಯನ್ನೋ ಭರ್ಜಿಯನ್ನೋ ಹಿಡಿದು ಎಡಗೈಯೊಂದರಿಂದಲೇ ಕುದುರೆಯನ್ನು ಆಳುತ್ತಿದ್ದ ರಿಸಾಲೆಯ ರಾವುತನ ವಿದ್ಯೆಯಲ್ಲದೆ ಇದು ಬೇರೆಯಲ್ಲ. ಹನ್ನೆರಡು ವರ್ಷದ ಬಾಲಕಿಯ ಎಡಗೈಯಲ್ಲಿ ಹಳೆಯ ಅಶ್ವದಳದ ಕವಾಯತು ಹೀಗೆ ಜೀವಂತವಾಗಿ ಉಳಿದಿರುವುದು ಬರೆದಿಟ್ಟ ಎಷ್ಟೋ ದಾಖಲೆಗಳಿಗಿಂತ ಬಲವಾದ ಪ್ರಮಾಣವೆಂದು ನಮ್ಮ ಅಭಿಪ್ರಾಯ.

ಬಾಗು ಓಟದಲ್ಲಿ ಐದು ಕಂಬಗಳನ್ನು ಸಾಲಾಗಿ, ಎಂಟರಿಂದ ಹತ್ತು ಗಜಗಳ ಅಂತರದಲ್ಲಿ ನೆಡುತ್ತಾರೆ. ನೋಡುವವನಿಗೆ ಅದು ಬರಿಯ ವೇಗವೆಂದು ತೋರೀತು. ಆದರೆ ಪ್ರತಿ ಕಂಬದ ಬಳಿಯಲ್ಲಿಯೂ ಕುದುರೆ ಮುಂಗಾಲನ್ನು ಬದಲಿಸಿ ಸಮತೋಲವನ್ನು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಸಾಗಿಸಬೇಕು, ಸವಾರನು ತನ್ನ ದೃಷ್ಟಿಯನ್ನು ದಾಟುತ್ತಿರುವ ಕಂಬದಲ್ಲಿರಿಸದೆ ಮುಂದಿನದರಲ್ಲಿ ಇರಿಸಬೇಕು. ಆದಕಾರಣ ಬಲ್ಲವರು ಇದನ್ನು ವಾರಗಟ್ಟಲೆ ಹೆಜ್ಜೆನಡಿಗೆಯಲ್ಲಿಯೇ ಮಾಡಿಸುತ್ತಾರೆ. ಓಡುವ ಕುದುರೆಯ ಬೆನ್ನಿಗೆ ರಿಕಾಪಿನ ನೆರವಿಲ್ಲದೆ ಹಾರುವುದಂತೂ ನೋಡಲು ಪವಾಡವೇ ಸರಿ. ಆದರೆ ನಿಂತ ಕುದುರೆಗಿಂತ ಓಡುವ ಕುದುರೆಯನ್ನೇರುವುದು ಕಲಿತವನಿಗೆ ಸುಲಭ, ಏಕೆಂದರೆ ಕೇಸರವನ್ನು ಹಿಡಿದು ನೆಲವನ್ನು ಒದ್ದವನನ್ನು ಓಟದ ರಭಸವೇ ಮೇಲಕ್ಕೆ ಎಸೆಯುತ್ತದೆ. ಅಲ್ಲಿ ತಟ್ಟು ಮಾಡಬೇಕಾದುದು ಒಂದೇ, ಪಕ್ಕಕ್ಕೆ ಸರಿಯದಿರುವುದು. ಆ ಒಂದನ್ನು ಕಲಿಸಲು ಹಿಡಿಯುವ ಕಾಲ ಉಳಿದೆಲ್ಲಕ್ಕಿಂತ ದೀರ್ಘವಾಗಬಹುದು.

ಇವೆಲ್ಲಕ್ಕಿಂತ ಕಷ್ಟವಾದ ಸಮಸ್ಯೆ ಆಟ ಚೆನ್ನಾಗಿ ಬಂದ ಮೇಲೆ ಹುಟ್ಟುತ್ತದೆ. ಪಂದ್ಯದ ಅರ್ಥವನ್ನು ತಿಳಿದ ತಟ್ಟು ಆರಂಭದ ಗೆರೆಯನ್ನು ಕಂಡೊಡನೆ ಕುದಿಯತೊಡಗುತ್ತದೆ. ಹಿಂಗಾಲಲ್ಲಿ ನಿಲ್ಲುತ್ತದೆ, ಬಾವುಟ ಬೀಳುವ ಮೊದಲೇ ನುಗ್ಗುತ್ತದೆ. ಇದಕ್ಕೆ ಮದ್ದು ಹೆಚ್ಚಿನ ಅಭ್ಯಾಸವಲ್ಲ, ಕಡಿಮೆ ಅಭ್ಯಾಸ: ಗೆರೆಯವರೆಗೆ ನಡೆಸಿ ಸುಮ್ಮನೆ ನಿಲ್ಲಿಸಿ ಹಿಂದಕ್ಕೆ ಕರೆತರುವುದು, ಕಂಬಗಳ ನಡುವೆ ಓಡಿಸದೆ ಅಡ್ಡಾಡಿಸುವುದು, ವಾರದ ಬಹುಭಾಗ ಆಟವನ್ನೇ ಮರೆಸಿ ಹೊಲದ ಬದುಗಳಲ್ಲಿ ಸವಾರಿ ಮಾಡುವುದು. ಉತ್ಸಾಹಿಗಳಾದ ತಂದೆತಾಯಿಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಗೆದ್ದ ಕುದುರೆಯನ್ನು ಮತ್ತೆ ಮತ್ತೆ ಓಡಿಸಿ ನೋಡುವ ಆಸೆ ಅವರನ್ನು ಬಿಡದು.

ನಿಯಮಗಳೂ ಈ ಶಿಕ್ಷಣದ ಪಕ್ಷವನ್ನೇ ವಹಿಸಿವೆ. ಚಾವಟಿಗೂ ಹಿಮ್ಮಡಿಯ ಮುಳ್ಳಿಗೂ ಅಲ್ಲಿ ಅವಕಾಶವಿಲ್ಲ. ಕೆಡವಿದ ಕಂಬವನ್ನು ಸವಾರನೇ ಹಿಂದಿರುಗಿ ಎತ್ತಿ ನಿಲ್ಲಿಸಬಹುದು, ಜಾರಿದ ವಸ್ತುವನ್ನು ಇಳಿದು ಹೆಕ್ಕಬಹುದು. ಎಂದರೆ ತಪ್ಪಿಗೆ ದಂಡವೆಂಬುದು ಕಾಲನಷ್ಟ ಮಾತ್ರ. ಹೀಗಾಗಿ ಅತಿವೇಗದ ಅವಿಧೇಯ ಕುದುರೆಗಿಂತ ಮಧ್ಯಮವೇಗದ, ಕರೆದಲ್ಲಿ ನಿಲ್ಲುವ ಕುದುರೆ ಅನೇಕ ಸಲ ಮುಂದೆ ಬರುತ್ತದೆ. ಪಕ್ಷದ ನಾಲ್ವರು ಒಬ್ಬರ ಬಳಿಕ ಒಬ್ಬರು ಓಡುವುದರಿಂದ ಒಂದು ಉತ್ತಮ ಕುದುರೆಯನ್ನು ಕೊಂಡು ಗೆಲ್ಲುವುದೂ ಸಾಧ್ಯವಿಲ್ಲ.

ಆದರೂ ಮೂಲಸಂಕಲ್ಪ ಹಾಗೆಯೇ ಉಳಿಯಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಶಿಕ್ಷಣಕ್ಕೆ ಬೆಲೆ ಬಂದಲ್ಲಿ ಶಿಕ್ಷಿತವಾದುದಕ್ಕೂ ಬೆಲೆ ಬರುತ್ತದೆ. ಆಟವನ್ನು ಬಲ್ಲ ತಟ್ಟು ಕ್ರಮೇಣ ಮಾರಾಟದ ಸರಕಾಗಿ, ಯಾರೋ ವರ್ಷಗಟ್ಟಲೆ ತಿದ್ದಿದುದನ್ನು ಇನ್ನಾರೋ ಹಣ ತೆತ್ತು ಏರುವಂತಾಯಿತು. ಕಪ್ಪಿನ ಸ್ಪರ್ಧೆಗೆ ಹದಿನೈದು ವರ್ಷದ ವಯೋಮಿತಿಯಿದ್ದುದರಿಂದ, ಬೆಳೆದ ಸವಾರರಿಗಾಗಿ ನಾರ್ಮನ್ ಪ್ಯಾಟ್ರಿಕ್ 1984ರಲ್ಲಿ ಬ್ರಿಟನ್ನಿನ ಮೌಂಟೆಡ್ ಗೇಮ್ಸ್ ಅಸೋಸಿಯೇಷನ್ನನ್ನು ಸ್ಥಾಪಿಸಿದನು. ಆಟ ಅನಂತರ ಯುರೋಪ್, ಅಮೆರಿಕಾ, ಆಸ್ಟ್ರೇಲಿಯಾಗಳಿಗೂ ಹಬ್ಬಿತು. ಸವಾರರು ಬೆಳೆದರೂ ಕುದುರೆ ತಟ್ಟಾಗಿಯೇ ಉಳಿಯಬೇಕೆಂಬ ಮಿತಿಯನ್ನು, 1919ರಲ್ಲಿ ಪೋಲೋ ಸಮಿತಿಯವರು ಬಿಟ್ಟುಕೊಟ್ಟ ಹಾಗೆ, ಇವರು ಬಿಟ್ಟುಕೊಡಲಿಲ್ಲ. ಆದುದರಿಂದ ಅಳೆಯಬೇಕಾದುದು ಕುದುರೆಯೊಂದೇ ಅಲ್ಲವೆಂದಾಯಿತು: ಪೋನಿ ಕ್ಲಬ್ಬಿನ ನಿಯಮದಂತೆ, ಸವಾರಿಯ ಉಡುಪಿನಲ್ಲಿ 53 ಕಿಲೋಗ್ರಾಮಿಗಿಂತ ಹೆಚ್ಚು ತೂಗುವವರು 128 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರದ ತಟ್ಟನ್ನು ಏರುವಂತಿಲ್ಲ.