ತೂಕ ನೋಡಿ ಜೈಲು

ಕೇರಳದಿಂದ 2008ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲ್ಮನವಿಯೊಂದರಲ್ಲಿ ವಕೀಲರು ವಾದಿಸಿದ್ದು ಬಹುಪಾಲು ಗಣಿತವನ್ನೇ. ಆರೋಪಿಯ ಬಳಿ ಸಿಕ್ಕ ಹೆರಾಯಿನ್ ನಾಲ್ಕು ಕಿಲೋಗಿಂತ ತುಸು ಹೆಚ್ಚು ತೂಗಿತ್ತು. ಪರೀಕ್ಷೆಗೆ ಕಳಿಸಿದ ಎರಡು ಮಾದರಿಗಳಲ್ಲಿ ನಿಜವಾದ ಹೆರಾಯಿನ್ ಇದ್ದದ್ದು ಶೇ 1.4 ಮತ್ತು ಶೇ 1.6 ಮಾತ್ರ. ಒಟ್ಟು ಲೆಕ್ಕ ಹಾಕಿದರೆ ಸುಮಾರು 60 ಗ್ರಾಂ, ಮಿಕ್ಕಿದ್ದೆಲ್ಲ ಬೆರಕೆ. 250 ಗ್ರಾಂ ದಾಟಿದರೆ ಕಾನೂನಿನ ಪ್ರಕಾರ ಅದು ವಾಣಿಜ್ಯ ಪ್ರಮಾಣ. ಕನಿಷ್ಠ ಹತ್ತು ವರ್ಷ ಜೈಲು. ಕೋರ್ಟು ಬೆರಕೆಯನ್ನು ಪಕ್ಕಕ್ಕಿಟ್ಟು, ಹತ್ತು ವರ್ಷದ ಶಿಕ್ಷೆಯನ್ನು ಆರಕ್ಕೆ ಇಳಿಸಿತು.

ಈ ತೂಕದ ನ್ಯಾಯ ತೀರಾ ಹಳೆಯದೇನಲ್ಲ. ಬ್ರಿಟಿಷರ ಕಾಲದ 1930ರ ಅಪಾಯಕಾರಿ ಮಾದಕ ವಸ್ತುಗಳ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ, ಮತ್ತೆ ಸಿಕ್ಕಿಬಿದ್ದರೆ ನಾಲ್ಕು. ಗಾಂಜಾವನ್ನಂತೂ ಎಷ್ಟೋ ಕಡೆ ಸರ್ಕಾರಿ ಪರವಾನಗಿಯ ಅಂಗಡಿಗಳೇ ಮಾರುತ್ತಿದ್ದವು. 1985ರ ನವೆಂಬರ್‌ನಲ್ಲಿ ಮಾದಕ ವಸ್ತುಗಳ ಹೊಸ ಕಾನೂನಾದ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂದದ್ದೇ ತಡ, ಎಲ್ಲವೂ ತಲೆಕೆಳಗಾಯಿತು. ಬಹುತೇಕ ಅಪರಾಧಗಳಿಗೆ ಹತ್ತು ವರ್ಷ ಕನಿಷ್ಠ, ಇಪ್ಪತ್ತು ವರ್ಷ ಗರಿಷ್ಠ, ಜತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ.

ಸ್ವಂತ ಸೇವನೆಗೆಂದು ಇಟ್ಟುಕೊಂಡ ಅಲ್ಪ ಪ್ರಮಾಣಕ್ಕೆ ರಿಯಾಯಿತಿಯೇನೋ ಇತ್ತು. ಆದರೆ ಹೆರಾಯಿನ್‌ಗೆ ಆ ಮಿತಿ 250 ಮಿಲಿಗ್ರಾಂ! ಸ್ವಂತಕ್ಕೇ ಇಟ್ಟುಕೊಂಡದ್ದೆಂದು ಸಾಬೀತುಪಡಿಸುವ ಹೊಣೆಯೂ ಆರೋಪಿಯದೇ. ಅರ್ಧ ಗ್ರಾಂ ಇಟ್ಟುಕೊಂಡ ವ್ಯಸನಿಯೂ ಗೋಣಿಗಟ್ಟಲೆ ಸಾಗಿಸುವ ದಂಧೆಕೋರನೂ ಹತ್ತು ವರ್ಷದ ಒಂದೇ ಹೊಸ್ತಿಲಲ್ಲಿ ನಿಲ್ಲಬೇಕಾಯಿತು. ಅದೂ ಸಾಲದೆಂಬಂತೆ 1989ರ ತಿದ್ದುಪಡಿ ಜಾಮೀನನ್ನು ಬಿಗಿಗೊಳಿಸಿತು. ದೊಡ್ಡ ಪ್ರಮಾಣದ ಕೆಲವು ಅಪರಾಧಗಳಲ್ಲಿ ಎರಡನೇ ಬಾರಿ ತಪ್ಪಿತಸ್ಥರಾದವರಿಗೆ ಮರಣದಂಡನೆಯನ್ನೇ ಕಡ್ಡಾಯ ಮಾಡಿತು. ಬಾಂಬೆ ಹೈಕೋರ್ಟ್ 2011ರಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿತು.

ಎಡವಟ್ಟು ಸಂಸತ್ತಿಗೂ ಅರ್ಥವಾಯಿತು, ಹದಿನಾರು ವರ್ಷ ಕಳೆದ ಮೇಲೆ. 2001ರ ತಿದ್ದುಪಡಿ ಅಲ್ಪ, ಮಧ್ಯಮ, ವಾಣಿಜ್ಯ ಎಂಬ ಮೂರು ಮೆಟ್ಟಿಲು ಕಟ್ಟಿತು. ಗಾಂಜಾ ಒಂದು ಕಿಲೋಗಿಂತ ಕಡಿಮೆಯಿದ್ದರೆ ಅಲ್ಪ, 20 ಕಿಲೋ ದಾಟಿದರೆ ವಾಣಿಜ್ಯ. ಚರಸ್‌ಗೆ 100 ಗ್ರಾಂ ಮತ್ತು ಒಂದು ಕಿಲೋ. ಹೆರಾಯಿನ್‌ಗೆ ಐದು ಗ್ರಾಂ ಮತ್ತು 250 ಗ್ರಾಂ. ಇಷ್ಟಾದರೂ ಬೆರಕೆಯ ತಕರಾರು ಮುಗಿಯಲಿಲ್ಲ. 2008ರ ತೀರ್ಪು ಹಿಡಿಸದ ಕೇಂದ್ರ ಸರ್ಕಾರ ಮರುವರ್ಷವೇ ಅಧಿಸೂಚನೆ ಹೊರಡಿಸಿ, ಇಡೀ ಮಿಶ್ರಣವನ್ನೇ ತೂಗಬೇಕೆಂದಿತು. ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಸರ್ಕಾರದ ಮಾತನ್ನೇ ಎತ್ತಿಹಿಡಿಯಿತು. ಬೀದಿಯಲ್ಲಿ ಮಾರುವವನು ಶುದ್ಧ ಮಾಲು ಮಾರುವುದಿಲ್ಲ, ಬೆರಕೆಯೇ ಹೆಚ್ಚು ಅಪಾಯಕಾರಿ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಬೆರೆಸಿದ ಪುಡಿಯ ತೂಕಕ್ಕೂ ಜೈಲಿನಲ್ಲಿ ವರ್ಷ ಎಣಿಸುವುದೆಂದರೆ ವಿಚಿತ್ರವೇ.

ಮಾದಕ ವಸ್ತುಗಳ ಕಾನೂನಿನಂತೆಯೇ ಬಂದೂಕಿನ ಕಾನೂನೂ ನ್ಯಾಯಾಧೀಶರ ಕೈ ಕಟ್ಟಿತ್ತು. ನಿಷೇಧಿತ ಶಸ್ತ್ರ ಬಳಸಿದ್ದರಿಂದ ಸಾವು ಸಂಭವಿಸಿದರೆ ಗಲ್ಲೇ ಗತಿ ಎಂದು 1988ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿಸಿದ್ದರು. ಕೊಲ್ಲುವ ಉದ್ದೇಶ ಇತ್ತೋ ಇಲ್ಲವೋ ಎಂದು ಕೇಳುವ ಗೋಜೇ ಇಲ್ಲ. ಸಿಆರ್‌ಪಿಎಫ್ ಯೋಧರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಅದನ್ನು ಅಸಾಂವಿಧಾನಿಕವೆಂದು ರದ್ದುಮಾಡಿತು.

ಆದರೆ ಅದೇ ಕಾಯ್ದೆಯ ಕನಿಷ್ಠ ಶಿಕ್ಷೆಯನ್ನು ಮಾತ್ರ ಕೋರ್ಟು ಅಲುಗಿಸಲಿಲ್ಲ. ಮುಂಬೈ ಸ್ಫೋಟ ಪ್ರಕರಣದಲ್ಲಿ ನಟ ಸಂಜಯ್ ದತ್‌ಗೆ ಶಸ್ತ್ರಾಸ್ತ್ರ ಕಾಯ್ದೆಯಡಿ ವಿಧಿಸಿದ್ದ ಆರು ವರ್ಷದ ಶಿಕ್ಷೆಯನ್ನು 2013ರಲ್ಲಿ ಐದಕ್ಕೆ ಇಳಿಸಲಾಯಿತು. ಕಾನೂನು ಹಾಕಿದ್ದ ಕನಿಷ್ಠ ಗೆರೆಯೂ ಅದೇ. 2019ರಲ್ಲಿ ಸಂಸತ್ತು ಆ ಗೆರೆಯನ್ನು ಏಳು ವರ್ಷಕ್ಕೆ ಏರಿಸಿತು. ಅದೇ ತಿದ್ದುಪಡಿಯಲ್ಲಿ ಮದುವೆ ಮೆರವಣಿಗೆಗಳ ಸಂಭ್ರಮದ ಗುಂಡಿಗೂ ಒಂದು ಕಲಮು ಬಂತು. ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೆ ಕನಿಷ್ಠ ಶಿಕ್ಷೆ ಎಂಬುದೇ ಇಲ್ಲ.