ಮಗುವಿಗೆ ಬಟ್ಟೆ ಹೊಲಿದಿಟ್ಟಿದ್ದೆಯಾ?

ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ 1674ರಿಂದ 1913ರವರೆಗೆ ನಡೆದ ವಿಚಾರಣೆಗಳ ವರದಿಗಳು ಅಂತರ್ಜಾಲದಲ್ಲಿ ಓದೋಕೆ ಸಿಗುತ್ತವೆ. ಕಳ್ಳತನ, ದರೋಡೆಗಳ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆಗೆಲಸದ ಹುಡುಗಿಯರ ಮೊಕದ್ದಮೆಗಳು. ಹೆಸರು ಬೇರೆ ಬೇರೆ, ಕಥೆ ಹೆಚ್ಚುಕಮ್ಮಿ ಒಂದೇ. ಮದುವೆಯಾಗದ ಕೆಲಸದವಳು ಬಸುರಾಗುತ್ತಾಳೆ. ಯಾರಿಗೂ ಹೇಳುವುದಿಲ್ಲ. ಒಬ್ಬಳೇ ಹೆರುತ್ತಾಳೆ. ಆಮೇಲೆ ಸತ್ತ ಮಗು ಸಿಗುತ್ತೆ.

ಅವಳು ಹೇಳದಿದ್ದರೇನು, ಗುಮಾನಿ ಬಂದೇ ಬರುತ್ತಿತ್ತು. ಒಂದೇ ಹಾಸಿಗೆಯಲ್ಲಿ ಮಲಗುವ ಇನ್ನೊಬ್ಬ ಕೆಲಸದವಳು, ಬಟ್ಟೆ ಒಗೆಯುವವಳು, ಪಕ್ಕದ ಮನೆಯಾಕೆ... ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲೆ. ಕೇಳಿದರೆ 'ಹೊಟ್ಟೆನೋವು', 'ಜಲೋದರ' ಅನ್ನುವ ಉತ್ತರ. ಒಂದು ಬೆಳಿಗ್ಗೆ ಹೊಟ್ಟೆ ಇಳಿದಿದ್ದು ಕಂಡರೆ ಸೂಲಗಿತ್ತಿಯನ್ನು ಕರೆಸಿ ಎದೆಯಲ್ಲಿ ಹಾಲಿದೆಯಾ ಅಂತ ನೋಡಿಸುತ್ತಿದ್ದರು. ಅವಳ ಪೆಟ್ಟಿಗೆ, ಹಿತ್ತಲಿನ ಕಕ್ಕಸು ಎಲ್ಲವನ್ನೂ ಹುಡುಕುತ್ತಿದ್ದರು.

ಇದೆಲ್ಲ ಬರೀ ಊರ ಉಸಾಬರಿ ಅಂದುಕೊಳ್ಳಬೇಡಿ, ದುಡ್ಡಿನ ಲೆಕ್ಕವೂ ಇತ್ತು. ಅಪ್ಪ ಯಾರೆಂದು ಗೊತ್ತಾಗದ ಮಗು ಹುಟ್ಟಿದರೆ ಅದನ್ನು ಸಾಕುವ ಖರ್ಚು ಆ ಪ್ಯಾರಿಷ್‌ನ ಮೇಲೆ, ಅಂದರೆ ಅಲ್ಲಿ ತೆರಿಗೆ ಕಟ್ಟುವ ಅದೇ ನೆರೆಹೊರೆಯವರ ಮೇಲೆ ಬೀಳುತ್ತಿತ್ತು.

ಇದರ ಜೊತೆಗೆ 1624ರ ಕಾನೂನು. ಮದುವೆಯಾಗದವಳೊಬ್ಬಳು ಸತ್ತ ಮಗುವನ್ನು ಬಚ್ಚಿಟ್ಟರೆ ಅದು ಕೊಲೆಯೇ, ಶಿಕ್ಷೆ ನೇಣು. ಮಗು ಹುಟ್ಟುವಾಗಲೇ ಸತ್ತಿತ್ತು ಅಂತ ಒಬ್ಬರಾದರೂ ಸಾಕ್ಷಿ ಹೇಳಿದರೆ ಮಾತ್ರ ಪಾರು. ಆದರೆ ಸಾಕ್ಷಿಯನ್ನು ಕರೆಯೋದು ಹೇಗೆ ಸ್ವಾಮಿ? ಕರೆದರೆ ಗುಟ್ಟು ರಟ್ಟು. ಕೆಲಸ ಹೋಯಿತು, ಸೂರೂ ಹೋಯಿತು. ಕರೆಯದಿದ್ದರೆ ನೇಣು.

1650ರಲ್ಲಿ ಆಕ್ಸ್‌ಫರ್ಡ್‌ಶೈರಿನ ಡನ್ಸ್ ಟ್ಯೂ ಎಂಬಲ್ಲಿ ಕೆಲಸಕ್ಕಿದ್ದ ಆನ್ ಗ್ರೀನ್ ಹೀಗೇ ಸಿಕ್ಕಿಬಿದ್ದಳು. ತನ್ನನ್ನು ಬಸುರು ಮಾಡಿದ್ದು ಯಜಮಾನನ ಮೊಮ್ಮಗ ಅಂದಳು. ದಿನ ತುಂಬದೆ ಬಿದ್ದ ಪಿಂಡ ಅದು, ಜೀವ ಇದ್ದಿರಲಾರದು ಅಂತ ಸೂಲಗಿತ್ತಿಯೂ ಹೇಳಿದಳು. ಆದರೂ ಡಿಸೆಂಬರ್ 14ರಂದು ಆಕ್ಸ್‌ಫರ್ಡಿನಲ್ಲಿ ನೇಣಿಗೆ ಹಾಕಿದರು. ಅರ್ಧ ಗಂಟೆ ನೇತಾಡಿದ ಆ ದೇಹವನ್ನು ಕೊಯ್ದು ನೋಡಲೆಂದು ವೈದ್ಯರಿಗೆ ಒಪ್ಪಿಸಿದಾಗ ಗಂಟಲಿನಿಂದ ಗೊರಗೊರ ಸದ್ದು! ವಿಲಿಯಂ ಪೆಟ್ಟಿ, ಥಾಮಸ್ ವಿಲ್ಲಿಸ್ ಉಪಚಾರ ಮಾಡಿ ಬದುಕಿಸಿದರು. ದೇವರೇ ತೀರ್ಪು ಕೊಟ್ಟ ಅಂತ ಜನ ಅಂದರು, ಕ್ಷಮೆ ಸಿಕ್ಕಿತು. ಮುಂದೆ ಅವಳು ಮದುವೆಯಾಗಿ ಮಕ್ಕಳನ್ನೂ ಹೆತ್ತಳು.

ಎಲ್ಲರಿಗೂ ಅಂಥ ಪವಾಡ ಎಲ್ಲಿಂದ ಬರಬೇಕು? 18ನೇ ಶತಮಾನದ ನ್ಯಾಯಾಲಯಗಳು ಒಂದು ಸಣ್ಣ ಕಿಂಡಿ ತೆರೆದವು. ಹೆರಿಗೆಗೆ ಮೊದಲೇ ಹುಡುಗಿ ಮಗುವಿಗೆ ಬಟ್ಟೆ ಹೊಲಿದಿಟ್ಟಿದ್ದರೆ, ಅವಳಿಗೆ ಕೊಲ್ಲುವ ಮನಸ್ಸಿರಲಿಲ್ಲ ಎಂದು ಬಿಡುಗಡೆ ಮಾಡುತ್ತಿದ್ದರು. ಪೆಟ್ಟಿಗೆಯ ತಳದಲ್ಲಿ ಸಿಕ್ಕ ಒಂದು ಪುಟ್ಟ ಕುಲಾವಿ ಜೀವ ಉಳಿಸಬಹುದಿತ್ತು.

ಆ ಕಾನೂನು ರದ್ದಾಗಿದ್ದು 1803ರಲ್ಲಿ. ಅಲ್ಲಿಂದಾಚೆ ಕೊಲೆಯಾಗಿದೆ ಎಂದು ಸಾಬೀತು ಮಾಡಬೇಕಾಯಿತು. ಬರೀ ಬಚ್ಚಿಟ್ಟಿದ್ದಕ್ಕೆ ಹೆಚ್ಚೆಂದರೆ ಎರಡು ವರ್ಷ ಜೈಲು.

ಆ ವರದಿಗಳಲ್ಲಿ ಸಾಕ್ಷಿ ಹೇಳೋಕೆ ಬಂದ ಹೆಂಗಸರು ಒಬ್ಬರ ಹಿಂದೊಬ್ಬರು 'ನನಗೆ ಆಗಲೇ ಅನುಮಾನ ಇತ್ತು' ಅನ್ನುತ್ತಾರೆ. ಅನುಮಾನ ಬಂದ ದಿನವೇ ಯಾರಾದರೂ ಅವಳ ಪಕ್ಕ ಕೂತು 'ಹೆದರಬೇಡ, ನೋವು ಬಂದರೆ ನನ್ನನ್ನು ಕರಿ' ಅಂದಿದ್ದರೆ? ಕಾನೂನು ಕೇಳುತ್ತಿದ್ದ ಆ ಒಬ್ಬ ಸಾಕ್ಷಿ ಅಲ್ಲೇ ಸಿಗುತ್ತಿದ್ದಳಲ್ಲ...