ಇಪ್ಪತ್ತಾರೂವರೆ ಡಾಲರು

ಕೇಳುವುದು ಕಷ್ಟ; ಉಳ್ಳವರನ್ನು ಕೇಳುವುದು ಇನ್ನೂ ಕಷ್ಟ. ಹಸಿವನ್ನು ಬಲ್ಲವನು ತನ್ನ ತುತ್ತಿನಲ್ಲಿ ಅರ್ಧವನ್ನು ಮುರಿದು ಕೊಟ್ಟಾನು. ಆದರೆ ಉಂಡು ಕೈತೊಳೆದು ಕುಳಿತ ಸಭೆಯೊಂದರ ಎದುರಿಗೆ ನಿಂತು, ಪರರ ಕಷ್ಟದ ಮಾತನ್ನೆತ್ತಿ, ಅವರ ಕೈಯನ್ನು ಜೇಬಿನವರೆಗೆ ಒಯ್ಯಬೇಕಾದವನ ಸಂಕಟವನ್ನು ಆ ಕೆಲಸ ಮಾಡಿದವರೇ ಬಲ್ಲರು. ಇಂದು ನಾನು ಹೇಳಹೊರಟಿರುವುದು ಅಂಥ ಸಂಕಟದ ಒಂದು ಚರಿತ್ರೆಯನ್ನು.

ರೋಟರಿ, ಲಯನ್ಸ್ ಮೊದಲಾದ ಸೇವಾಸಂಸ್ಥೆಗಳು ನಮಗೆ ಅಪರಿಚಿತವಲ್ಲ. ಸಣ್ಣ ಪಟ್ಟಣಗಳ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೂ, ಕಣ್ಣಿನ ಚಿಕಿತ್ಸೆಯ ಶಿಬಿರದ ಚಪ್ಪರದ ಮೇಲೂ ಆ ಹೆಸರುಗಳನ್ನು ನಾವು ಓದಿದ್ದೇವೆ. ವಾರಕ್ಕೊಮ್ಮೆ ಸೇರಿ ಊಟಮಾಡುವ ವರ್ತಕರೂ ವಕೀಲರೂ ವೈದ್ಯರೂ ತಮಗೆ ಗುರುತಿಲ್ಲದವರಿಗಾಗಿ ಹಣ ಕೊಡುವುದನ್ನು ಎಂದು ಕಲಿತರು, ಹೇಗೆ ಕಲಿತರು ಎಂಬುದು ಮಾತ್ರ ಅಷ್ಟಾಗಿ ತಿಳಿದ ಸಂಗತಿಯಲ್ಲ.

ಅವರು ಮೊದಲು ಸೇರಿದ್ದು ಕೊಡುವುದಕ್ಕಾಗಿ ಅಲ್ಲ. 1905ರ ಫೆಬ್ರವರಿ 23ರಂದು ಚಿಕಾಗೋ ನಗರದ ಒಂದು ಕಚೇರಿಯಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನೂ ಅವನ ಮೂವರು ಮಿತ್ರರೂ ಕಲೆತರು. ದೊಡ್ಡ ನಗರದಲ್ಲಿ ಒಂಟಿಯಾದವರಿಗೆ ಹಳ್ಳಿಯ ಸ್ನೇಹ ಬೇಕಾಗಿತ್ತು. ವ್ಯಾಪಾರಕ್ಕೂ ಅದರಿಂದ ಒಂದಿಷ್ಟು ಅನುಕೂಲವಿತ್ತು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ನಡೆಯುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. 1907ರಲ್ಲಿ ನಗರಸಭಾ ಭವನದ ಬಳಿ ಸಾರ್ವಜನಿಕ ಶೌಚಾಲಯ ಆಗಬೇಕೆಂದು ಅವರು ಓಡಾಡಿದ್ದೇ ಆ ಸಂಸ್ಥೆಯ ಮೊದಲ ಲೋಕೋಪಕಾರ. ಇದನ್ನು ಕೇಳಿ ನಗಬೇಕಾಗಿಲ್ಲ. ಊರಿಗೆ ಬೇಕಾದದ್ದು ಏನೆಂದು ಕಣ್ಣುಬಿಟ್ಟು ನೋಡಿದವರ ಕೆಲಸ ಅದು.

ಹತ್ತು ವರ್ಷ ಕಳೆಯಿತು. 1917ರಲ್ಲಿ ಅಟ್ಲಾಂಟಾ ನಗರದ ಮಹಾಸಮ್ಮೇಳನದಲ್ಲಿ ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್ ಒಂದು ಹೊಸ ಮಾತನ್ನಾಡಿದ. ಕ್ಲೀವ್‌ಲೆಂಡಿನ ಮರದ ವ್ಯಾಪಾರಿ ಅವನು. ಲೋಕಕ್ಕೆ ಒಳ್ಳೆಯದನ್ನು ಮಾಡುವ ಉದ್ದೇಶದಿಂದ ಒಂದು ಶಾಶ್ವತ ನಿಧಿ ಬೇಕು ಎಂದು ಅವನು ಸೂಚಿಸಿದ. ನಮ್ಮ ಭಾಷೆಯಲ್ಲಿ ಇದಕ್ಕೆ ದತ್ತಿ ಎಂಬ ಹಳೆಯ, ಘನವಾದ ಮಾತಿದೆ. ಸಭೆ ಅದನ್ನು ವಿನಯದಿಂದ ಕೇಳಿತು. ಹಣ ಮಾತ್ರ ಬರಲಿಲ್ಲ. ಮರುವರ್ಷ ಕನ್ಸಾಸ್ ಸಿಟಿಯ ಕ್ಲಬ್ಬು ತಾನು ನಡೆಸಿದ ಸಮ್ಮೇಳನದ ಖರ್ಚು ಕಳೆದು ಉಳಿದದ್ದನ್ನು ಈ ನಿಧಿಗೆ ಕಳುಹಿಸಿತು. ಆ ಮೊತ್ತ 26 ಡಾಲರು 50 ಸೆಂಟು. ಮದುವೆಯ ಮನೆಯಲ್ಲಿ ಕೊನೆಗೆ ಉಳಿದ ಚಿಲ್ಲರೆಯನ್ನು ದೇವರ ಹುಂಡಿಗೆ ಹಾಕಿದಂತೆ. ಹತ್ತು ವರ್ಷಗಳ ತರುವಾಯ, 1928ರಲ್ಲಿ, ನಿಧಿಗೆ ರೋಟರಿ ಫೌಂಡೇಷನ್ ಎಂಬ ಹೆಸರಿಟ್ಟಾಗ ಅದರಲ್ಲಿ ಇದ್ದದ್ದು ಐದು ಸಾವಿರ ಡಾಲರಿಗೆ ಸ್ವಲ್ಪ ಹೆಚ್ಚು. ಕ್ಲಂಫನ ಆದರ್ಶದಲ್ಲಿ ಕೊರತೆಯಿರಲಿಲ್ಲ. ಆದರೆ ‘ಲೋಕ’ ಎಂಬುದಕ್ಕೆ ಮುಖವಿಲ್ಲ. ಮುಖವಿಲ್ಲದವರಿಗೆ ಕೊಡುವುದು ಮನುಷ್ಯನಿಗೆ ಸುಲಭವಲ್ಲ.

ಮುಖ ತೋರಿಸಿ ಕೇಳಿದವನು ಬೇರೊಬ್ಬ. ಒಹಾಯೋ ರಾಜ್ಯದ ಎಲಿರಿಯಾ ಎಂಬ ಪಟ್ಟಣದ ವರ್ತಕ ಎಡ್ಗರ್ ಆಲೆನ್ 1907ರಲ್ಲಿ ಟ್ರಾಮಿನ ಅಪಘಾತದಲ್ಲಿ ತನ್ನ ಮಗನನ್ನು ಕಳೆದುಕೊಂಡ. ಊರಿನಲ್ಲಿ ತಕ್ಕ ಆಸ್ಪತ್ರೆಯಿರಲಿಲ್ಲ. ದುಃಖದಲ್ಲಿ ಮುಳುಗಿ ಕುಳಿತುಕೊಳ್ಳದೆ ಆತ ತನ್ನ ವ್ಯಾಪಾರವನ್ನು ಮಾರಿ, ಆಸ್ಪತ್ರೆಯೊಂದನ್ನು ಕಟ್ಟಿಸಲು ಹಣ ಕೂಡಿಸಿದ. ಆ ಆಸ್ಪತ್ರೆಯ ಕೆಲಸದಲ್ಲಿ ಅವನ ಕಣ್ಣಿಗೆ ಬಿದ್ದವರು ಕಾಲಿಲ್ಲದ, ಕೈಸೋತ ಮಕ್ಕಳು. ಮನೆಯ ಹಿಂಬದಿಯ ಕೋಣೆಗಳಲ್ಲಿ ಬಚ್ಚಿಟ್ಟಂತೆ ಬೆಳೆಯುತ್ತಿದ್ದ ಮಕ್ಕಳು. ಅವರಿಗಾಗಿ ಆತ ರೋಟರಿ ಕ್ಲಬ್ಬುಗಳ ಬಾಗಿಲಿಗೆ ಹೋದ. 1919ರಲ್ಲಿ ಅವರ ನೆರವಿನಿಂದ ಅಂಗವಿಕಲ ಮಕ್ಕಳ ಸಂಘವೊಂದು ಒಹಾಯೋದಲ್ಲಿ ಹುಟ್ಟಿ, ಕೆಲವೇ ವರ್ಷಗಳಲ್ಲಿ ರಾಜ್ಯದ ಗಡಿಗಳನ್ನು ದಾಟಿ ಬೆಳೆಯಿತು. ಮಗನನ್ನು ಕಳೆದುಕೊಂಡವನನ್ನು ಜನರು ‘ಡ್ಯಾಡಿ’ ಆಲೆನ್ ಎಂದು ಕರೆದರು. ಕ್ಲಂಫನ ನಿಧಿಯಿಂದ 1930ರಲ್ಲಿ ಮೊಟ್ಟಮೊದಲ ಸಹಾಯವಾಗಿ 500 ಡಾಲರು ಸಂದದ್ದು ಈ ಸಂಘಕ್ಕೇ. ಒಬ್ಬನ ಆದರ್ಶವೂ ಇನ್ನೊಬ್ಬನ ಅಳಲೂ ಅಲ್ಲಿ ಒಂದನ್ನೊಂದು ಕೂಡಿದವು.

ಲಯನ್ಸ್ ಸಂಸ್ಥೆಯಲ್ಲಿ ನಡೆದದ್ದೂ ಇಂಥದೇ. 1925ರಲ್ಲಿ ಒಹಾಯೋದ ಸೀಡರ್ ಪಾಯಿಂಟಿನಲ್ಲಿ ಅವರ ಸಮ್ಮೇಳನಕ್ಕೆ ಹೆಲೆನ್ ಕೆಲ್ಲರ್ ಬಂದರು. ಕಾಣದ, ಕೇಳದ ಆ ಮಹಿಳೆ, ಕುರುಡರ ಪರವಾಗಿ ಕತ್ತಲೆಯೊಡನೆ ಹೋರಾಡುವ ವೀರರಾಗಿ ಎಂದು ಅವರನ್ನು ಕೇಳಿಕೊಂಡರು. ಕಣ್ಣಿನ ಕೆಲಸ ಅಂದಿನಿಂದ ಲಯನ್ಸರ ಕೆಲಸವಾಯಿತು. ನಮ್ಮ ಪಟ್ಟಣದ ಕಣ್ಣಿನ ಶಿಬಿರಕ್ಕೆ ಆ ದಿನದ ಮಾತಿನೊಡನೆ ನೇರವಾದ ನಂಟಿದೆ.

ಕೊಡಿಸುವುದಕ್ಕೆ ಇನ್ನೊಂದು ದಾರಿಯೂ ಇದೆ. ಅದು ನೆನಪಿನ ಮತ್ತು ಮನ್ನಣೆಯ ದಾರಿ. 1937ರಲ್ಲಿ ರೋಟರಿ 20 ಲಕ್ಷ ಡಾಲರನ್ನು ಕೂಡಿಸುವ ಸಂಕಲ್ಪ ಮಾಡಿತು. ಮಹಾಯುದ್ಧ ಬಂದು ಆ ಸಂಕಲ್ಪ ಮುರಿಯಿತು. 1947ರ ಜನವರಿ 27ರಂದು ಪಾಲ್ ಹ್ಯಾರಿಸ್ ತೀರಿಕೊಂಡ. ಅವನ ನೆನಪಿಗಾಗಿ ಹದಿನೆಂಟು ತಿಂಗಳಲ್ಲಿ 13 ಲಕ್ಷ ಡಾಲರು ಹರಿದು ಬಂತು. ಮೂವತ್ತು ವರ್ಷ ಬೇಡಿದರೂ ಬಾರದ್ದು ಒಂದು ಸಾವಿನಿಂದ ಬಂತು. ಆ ಹಣದಿಂದ ಮೊದಲ ವರ್ಷ 18 ವಿದ್ಯಾರ್ಥಿಗಳು ಪರದೇಶಗಳಲ್ಲಿ ಓದಲು ಹೋದರು. 1957ರಿಂದ, ಸಾವಿರ ಡಾಲರು ಕೊಟ್ಟವರನ್ನು ಹ್ಯಾರಿಸನ ಹೆಸರಿನಲ್ಲಿ ಗೌರವಿಸುವ ಪದ್ಧತಿ ಬಂತು.

ಎದೆಗೆ ಚುಚ್ಚಿಕೊಳ್ಳುವ ಪದಕಕ್ಕಾಗಿ ಕೊಟ್ಟದ್ದು ದಾನವೇ ಎಂದು ಮೂಗು ಮುರಿಯುವವರುಂಟು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ನಾವೂ ಬಲ್ಲೆವು. ಆದರೆ ನಮ್ಮ ನಾಡಿನ ಹೊಲಗದ್ದೆಗಳಲ್ಲಿ ನಿಂತಿರುವ ದಾನಶಾಸನಗಳನ್ನು ಒಮ್ಮೆ ನೆನೆಯೋಣ. ಕೊಟ್ಟವನ ಹೆಸರು, ವಂಶ, ಕೊಟ್ಟ ಭೂಮಿಯ ಎಲ್ಲೆ, ಎಲ್ಲವೂ ಅಲ್ಲಿ ಕಲ್ಲಿನ ಮೇಲಿದೆ. ದತ್ತಿಯನ್ನು ಅಳಿದವನಿಗೆ ಶಾಪವೂ ಇದೆ. ಆ ಹೆಸರುಗಳಲ್ಲಿ ಅಹಂಕಾರವಿದ್ದೀತು. ಆದರೂ ಅವರು ಕಟ್ಟಿಸಿದ ಕೆರೆಯ ನೀರು ಎಷ್ಟೋ ತಲೆಮಾರುಗಳ ಗದ್ದೆಗೆ ಹರಿಯಿತು. ಕೀರ್ತಿಯ ಆಸೆ ಕೊಡುವವನ ದೋಷವಾದರೆ ಆಗಲಿ, ಕೊಂಡವನಿಗೆ ಅದು ದೋಷವಲ್ಲ.

ಈ ಎಲ್ಲ ದಾರಿಗಳೂ ಒಂದೆಡೆ ಕೂಡಿದ್ದು ಪೋಲಿಯೋ ವಿಷಯದಲ್ಲಿ. 1979ರಲ್ಲಿ ಫಿಲಿಪೈನ್ಸ್ ದೇಶದ 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕುವ ಕೆಲಸವನ್ನು ರೋಟರಿ ಕೈಗೆತ್ತಿಕೊಂಡಿತು. 1985ರಲ್ಲಿ ಅದು ಲೋಕದ ಎಲ್ಲ ಮಕ್ಕಳ ಮಾತಾಯಿತು. 12 ಕೋಟಿ ಡಾಲರು ಬೇಕೆಂದು ಕೇಳಿದರು. 1988ರ ಹೊತ್ತಿಗೆ ಬಂದದ್ದು 24 ಕೋಟಿ 70 ಲಕ್ಷ. ಅದೇ ವರ್ಷ ವಿಶ್ವ ಆರೋಗ್ಯ ಸಭೆ ಈ ರೋಗವನ್ನು ನಿರ್ಮೂಲ ಮಾಡುವ ನಿರ್ಣಯವನ್ನು ಕೈಗೊಂಡಿತು. ಆಗ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಇದರಿಂದ ಕಾಲು ಕಳೆದುಕೊಳ್ಳುತ್ತಿದ್ದರು. ಕೇಳಿದ್ದಕ್ಕಿಂತ ಇಮ್ಮಡಿ ಬಂದದ್ದೇಕೆ? ಊರುಗೋಲು ಹಿಡಿದ ಮಗುವಿನ ಮುಖ ಪ್ರತಿಯೊಬ್ಬ ಸದಸ್ಯನ ಬೀದಿಯಲ್ಲೂ ಇತ್ತು. ಔಷಧವೋ ಬಾಯಿಗೆ ಬಿಡುವ ಎರಡು ಹನಿ. ಕೆಲಸಕ್ಕೆ ಒಂದು ಮುಗಿತಾಯವೂ ಇತ್ತು.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಆರಂಭವಾಯಿತು. ಭಾನುವಾರದ ಬೆಳಗ್ಗೆ ಶಾಲೆಯ ಜಗಲಿಯ ಮೇಲೆ ಮಂಜುಗಡ್ಡೆಯ ಪೆಟ್ಟಿಗೆ, ಮಗುವಿನ ಕಿರುಬೆರಳಿನ ಮೇಲೆ ಶಾಯಿಯ ಗುರುತು. ಈ ಚಿತ್ರ ಯಾರ ನೆನಪಿನಲ್ಲಿಲ್ಲ? ಸರಕಾರದ ನೌಕರರೂ ಆಶಾ, ಅಂಗನವಾಡಿಯ ಹೆಣ್ಣುಮಕ್ಕಳೂ ಹೊತ್ತ ಭಾರ ದೊಡ್ಡದು; ಅವರ ಪಕ್ಕದಲ್ಲಿ ಈ ಕ್ಲಬ್ಬುಗಳವರೂ ನಿಂತರು. ಉತ್ತರ ಪ್ರದೇಶದಲ್ಲಿ ಲಸಿಕೆಯ ಬಗ್ಗೆ ಶಂಕೆ ಹಬ್ಬಿದಾಗ ಉಲೇಮಾಗಳ ಸಮಿತಿಯನ್ನು ರಚಿಸಿ, ಅವರ ಮಾತಿನಿಂದಲೇ ಮನೆಗಳ ಬಾಗಿಲು ತೆರೆಸಿದರು. ಕೈಯಿಂದ ಕೊಟ್ಟವರು ಕಾಲಿನಿಂದಲೂ ಕೊಟ್ಟರು. 2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೋ ತಗುಲಿತ್ತು, 2010ರಲ್ಲಿ 42, 2011ರಲ್ಲಿ ಒಂದು. ಆ ಒಂದು ಹಾವಡಾ ಜಿಲ್ಲೆಯ ಒಂದು ಹೆಣ್ಣುಮಗು. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು.

ಚರಿತ್ರೆ ಇಲ್ಲಿಗೆ ಮುಗಿದಿದ್ದರೆ ಮಂಗಳ ಹಾಡಬಹುದಿತ್ತು. ಮುಗಿದಿಲ್ಲ. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಆ ವಿಷಾಣು ಇನ್ನೂ ಬದುಕಿದೆ. ಅದು ಹೊಕ್ಕ ಸುಮಾರು ಇನ್ನೂರು ಮಂದಿಯಲ್ಲಿ ಒಬ್ಬರ ಕಾಲು ಮಾತ್ರ ಸೋಲುತ್ತದೆ. ಉಳಿದವರಲ್ಲಿ ಹೆಚ್ಚಿನವರು ತಮಗೇ ಅರಿವಿಲ್ಲದೆ ಅದನ್ನು ಹೊತ್ತು ತಿರುಗುತ್ತಾರೆ. ಆದುದರಿಂದ ರೋಗ ಕಾಣದ ಊರಿನಲ್ಲಿಯೂ ಹನಿ ಹಾಕುವುದನ್ನು ಬಿಡುವಂತಿಲ್ಲ. ಕೇಳುವವನ ಹೊಸ ಸಂಕಟ ಇದೇ. ಅಂದು ಕ್ಲಬ್ಬಿನ ಸಭೆಯಲ್ಲಿ ತೋರಿಸಲು ಒಂದು ಮುಖವಿತ್ತು. ಇಂದು ನಮ್ಮ ಬೀದಿಯಲ್ಲಿ ಆ ಮುಖವಿಲ್ಲ. ಹತ್ತು ಹದಿನೈದು ವರ್ಷದ ನಮ್ಮ ಮಕ್ಕಳು ತಮ್ಮ ವಯಸ್ಸಿನವರಲ್ಲಿ ಪೋಲಿಯೋದಿಂದ ಕುಂಟುವವರನ್ನು ಕಂಡಿಲ್ಲ. ಗೆಲುವೇ ಗೆದ್ದವರ ಭಿಕ್ಷಾಪಾತ್ರೆಯನ್ನು ಬರಿದು ಮಾಡುವ ವಿಚಿತ್ರ ಸನ್ನಿವೇಶ ಇದು.

ಹೀಗಾಗಿ ನೂರು ವರ್ಷಗಳ ಸುತ್ತು ಬಂದು ನಾವು ಮತ್ತೆ ಕ್ಲಂಫನ ಎದುರಿಗೆ ನಿಂತಿದ್ದೇವೆ. ಅವನು ಕೇಳಿದ್ದು ಕಣ್ಣಿಗೆ ಕಾಣದವರಿಗಾಗಿ, ಇನ್ನೂ ಹುಟ್ಟದವರಿಗಾಗಿ. ಸಭೆ ಅಂದು ಅವನಿಗೆ ಚಿಲ್ಲರೆ ಕೊಟ್ಟಿತು. ಆ ಚಿಲ್ಲರೆಯನ್ನು ಯಾರೂ ಹಿಂದಿರುಗಿಸಲಿಲ್ಲ, ಖರ್ಚಿಗೆ ಎತ್ತಿಕೊಳ್ಳಲಿಲ್ಲ, ಇಷ್ಟೇ ತಾನೆ ಎಂದು ಲೆಕ್ಕದ ಪುಸ್ತಕವನ್ನು ಮುಚ್ಚಲೂ ಇಲ್ಲ. ಇಂದು ಕುಂಟದೆ ನಡೆದು ಶಾಲೆಗೆ ಹೋಗುತ್ತಿರುವ ಮಗು ತನಗಾಗಿ ಯಾರೋ ಕೊಟ್ಟಿದ್ದರೆಂಬುದನ್ನು ಅರಿಯದು. ಅದು ಅರಿಯಬೇಕಾಗಿಯೂ ಇಲ್ಲ. ಅರಿಯಬೇಕಾದವರು, ಊಟ ಮುಗಿಸಿ ಕುಳಿತ ಆ ಸಭೆಯವರು. ಮುಂದಿನ ವಾರ ಯಾರಾದರೂ ಎದ್ದುನಿಂತು ಕೇಳಿದಾಗ, ಯಾರಿಗಾಗಿ ಎಂದು ಅವರು ಪ್ರಶ್ನಿಸಿದರೆ, ಶಾಲೆಯ ದಾರಿಯತ್ತ ಕೈತೋರಿಸಿದರೆ ಸಾಕು.